ಲಾಲಬಿ ಕೈ ಚಾಚಿದ್ದು

ವೆರ್ಣಾ, ಗೋವಾ
೧೨ ಡಿಸೆಂಬರ್ ೧೯೯೪

ಪ್ರೀತಿಯ ಮಗಳು ಅಖ್ತರಬಾನುಗೆ ಅಬ್ಬಾನ ಸಲಾಮು, ದುವಾ.

ಪುಣೆಯಲ್ಲಿ ಚಳಿ ಹೆಚ್ಚಾಗಿದೆಯೆಂದು ರೇಡಿಯೊದಲ್ಲಿ ಕೇಳಿದೆ. ಸ್ವೆಟರ್ ಹಾಕಿಕೊಳ್ಳುತ್ತೀಯೋ, ಲ್ಯಾಬಿನ ಬಿಳಿ ಕೋಟಿನಲ್ಲೇ ದಿನ ದೂಡುತ್ತೀಯೋ? ಊಟ ಹೊತ್ತಿಗೆ ಸರಿಯಾಗಿ ಆಗಲಿ. ಇಲ್ಲಿ ಐ ಯಾಮ್ ಕ್ವೈಟ್ ವೆಲ್ ಅಂಡ್ ಹೋಪ್ ಯೂ ಆರ್ ದಿ ಸೇಮ್. ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರರು ಪತ್ರವನ್ನು ಹೀಗೆ ಶುರು ಮಾಡಬೇಕೆಂದು ಕಲಿಸಿದ್ದರು. ಮುಂದಿನ ಸಾಲು ಮರೆತಿದೆ, ಕನ್ನಡಕ್ಕೇ ಬರುತ್ತೇನೆ.

ಸಂಶೋಧನೆ ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರುವೆ, ತಿಂಗಳ ಕೊನೆಗೆ ಅವರಿಗೆ ಉತ್ತರ ಕೊಡಬೇಕು ಎಂದು ಬರೆದಿದ್ದೀ. ಡಿಸ್‌ಹಾರ್ಟನ್ ಆಗಬೇಡ ಎನ್ನುವುದು ನನಗೆ ಸುಲಭ. ಕಾಯಿಲೆ ಏನೆಂದು ತಿಳಿಯುವಷ್ಟರಲ್ಲಿ ಮಗುವೇ ಇರುವುದಿಲ್ಲ, ಎಷ್ಟೆಂದು ಸತ್ತವರ ಕಾಗದ ಓದಲಿ ಎಂದಿದ್ದೀಯಲ್ಲ, ಅದನ್ನು ಓದಿ ನನಗೂ ಚಹಾ ಸೇರಲಿಲ್ಲ. ನಿನ್ನ ಅಮ್ಮಿ ಖುರ್ಷಿದಾಬೇಗಂ ಹಾಸಿಗೆ ಹಿಡಿದಾಗ ನೀನು ಈ ದಾರಿ ಹಿಡಿದವಳು. ಮೈಯನ್ನು ಕಾಯುವ ಶಕ್ತಿಯೇ ಅವಳ ಕೀಲುಗಳನ್ನು ತಿನ್ನುತ್ತಿದೆ ಎಂದು ಡಾಕ್ಟರರು ಹೇಳಿದ್ದು ನನ್ನ ತಲೆಗೆ ಹೋಗಿರಲಿಲ್ಲ. ನೀನೇ ಬಿಡಿಸಿ ಹೇಳಿದ್ದೆ: "ಅಬ್ಬಾ, ನೀವು ಫ್ಯಾಕ್ಟರಿ ಗೇಟಿನಾಗ ನಿಂತು ನಮ್ಮ ಕಂಪನಿ ಬಸ್ಸಿನ ಮಂದೀನ್ನ ಬಡದು ಓಡಿಸಿದ್ರ ಹೆಂಗ್ರಿ, ಹಂಗ." ನಾನೊಮ್ಮೆ ಹೊಸ ಮ್ಯಾನೇಜರರನ್ನೇ ತಡೆದು ನಿಲ್ಲಿಸಿದ್ದನ್ನು ನೀನು ಮರೆತಿಲ್ಲವೆಂದು ಆಗ ತಿಳಿಯಿತು. ಈಗ ನೀನು ಹುಡುಕುವ ಮಕ್ಕಳದು ತಿರುಗುಮುರುಗು, ಅವರ ಗೇಟಿನಲ್ಲಿ ವಾಚ್‌ಮನ್ನೇ ಇಲ್ಲ.

ನೀನು ಹೇಳಿದಂತೆ ಮೊಲೆಂಗೆ ಹೋಗಿ ನಿನ್ನ ಫುಫು, ನನ್ನ ತಂಗಿ ಲಾಲಬಿಯನ್ನು ಕಂಡೆ. ಹೆದ್ದಾರಿ ಪಕ್ಕದ ಬಳೆ ಅಂಗಡಿ ಚೆನ್ನಾಗಿ ನಡೆದಿದೆ. ಅವಳ ಇಬ್ಬರು ಗಂಡುಮಕ್ಕಳು ನಡೆಯಲು ಕಲಿಯುವ ಹೊತ್ತಿಗೆ ಜ್ವರದಲ್ಲಿ ಹೋದದ್ದು ನಿನಗೆ ಗೊತ್ತು. ಈಗ ಮಗಳ ಗಂಡುಕೂಸಿಗೂ ಕಿವಿ ಸೋರುವುದು, ಎದೆ ಕಟ್ಟುವುದು ನಿಲ್ಲುತ್ತಿಲ್ಲ. ನೀನು, ಮಗಳು, ಕೂಸು ಮೂವರ ರಕ್ತ ಪರೀಕ್ಷೆ ಆಗಬೇಕಂತೆ ಎಂದಾಗ ಹೋದ ತಿಂಗಳು ಸಿಟ್ಟಾಗಿದ್ದಳು. "ಭಾಯಿ, ಮಕ್ಕಳು ಹೋಗಿದ್ದು ಸಾಲದೇನು? ತಪ್ಪು ನನ್ನ ರಕ್ತದಾಗ ಐತಿ ಅಂತ ನಿನ್ನ ಮಗಳು ಬರದು ಕೊಡಬೇಕೇನು?"

ನಿನ್ನೆ ಮತ್ತೆ ಹೋದೆ. ಗಿರಾಕಿಯೊಬ್ಬಳ ಕೈ ಹಿಡಿದು ಹಸಿರು ಬಳೆ ಏರಿಸುತ್ತಿದ್ದಳು, ನನ್ನ ಮುಖ ನೋಡಲಿಲ್ಲ. ನೀನು ಬರೆದದ್ದನ್ನು ಹಾಗೇ ಹೇಳಿದೆ: ಇದು ಹುಟ್ಟಿನಿಂದ ಬರುವುದು, ಮೂಗಿನ ಉದ್ದ ಬಂದಂತೆ, ಯಾರ ತಪ್ಪೂ ಅಲ್ಲ, ತಾಯಿ ಕೊಟ್ಟ ಶಕ್ತಿ ಕೂಸಿಗೆ ಕೆಲವು ತಿಂಗಳು ಸಾಲುತ್ತದೆ, ಆಮೇಲೆ ಅದರ ಮೈ ತನ್ನದನ್ನು ಮಾಡಿಕೊಳ್ಳಲಾರದು. ಗಿರಾಕಿ ಹೋದ ಮೇಲೆ ಲಾಲಬಿ ಉಳಿದ ಬಳೆಗಳನ್ನು ದಾರಕ್ಕೆ ಪೋಣಿಸಿಟ್ಟಳು. ಆಮೇಲೆ ಕೇಳಿದಳು, "ಹಂಗಾದ್ರ ನನ್ನ ಸಾದಿಕಂದೂ ಇದಾ ಆಗಿತ್ತೇನು? ನಜರ್ ಅಲ್ಲೇನು?"

ಜರಿಯ ಟೋಪಿ ಹಾಕಿ, ಸುರ್ಮಾ ಹಚ್ಚಿ ಆ ಮಗನನ್ನು ಮದುವೆಮನೆಗೆ ಒಯ್ದಿದ್ದಳಂತೆ. ಅಲ್ಲಿ ಎಲ್ಲರೂ ಎತ್ತಿ ಮುದ್ದಾಡಿದರು, ಬಂದ ಮೇಲೆ ಜ್ವರ. ಟೋಪಿ ಹಾಕಿದ್ದೇ ತಾನು, ತಾನೇ ಮಗನನ್ನು ಕಳೆದೆ ಎಂದು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಳು ಮಗಳೇ. ಒಡಹುಟ್ಟಿದ ನನಗೂ ಹೇಳಿರಲಿಲ್ಲ. ನಜರ್ ಅಲ್ಲ, ಯಾರ ದೃಷ್ಟಿಯೂ ತಾಗಿದ್ದಲ್ಲ, ನೀ ಟೋಪಿ ಹಾಕದಿದ್ದರೂ ಜ್ವರ ಬರುತ್ತಿತ್ತು ಎಂದೆ. ಊರವರ ಕೈಯನ್ನೆಲ್ಲ ಹಿಡಿದವಳು, ಬಳೆ ತೊಡಿಸುವ ದಿಂಬಿನ ಮೇಲೆ ತನ್ನ ಕೈಯನ್ನೇ ಚಾಚಿ, "ಎಷ್ಟು ಬೇಕು ತಗೋ" ಎಂದಳು. ನಾನೇನು ಸೂಜಿ ತಂದಿದ್ದೆನೇ? ಇಬ್ಬರೂ ನಕ್ಕೆವು, ಆಮೇಲೆ ಅವಳು ಅತ್ತಳು.

ಲಾಲಬಿ ನಿನಗೆ ಸಲಾಮು ಹೇಳಿದ್ದಾಳೆ. ಅಲ್ಲಾಹನು ನಿನ್ನ ಕೈಗೆ ಬರ್ಕತ್ತು ಕೊಡಲಿ.

ನಿನ್ನ ಅಬ್ಬಾ,
ರಾಜಮಹ್ಮದ

ತಾ.ಕ.: ಪೋಸ್ಟಿನವನು ಪೆಟ್ಟಿಗೆ ತೆಗೆಯಲು ಬಂದಿದ್ದಾನೆ, ಮುಖ್ಯವಾದದ್ದೇ ಉಳಿಯಿತು. ಶುಕ್ರವಾರ ರಾತ್ರಿಯ ಬಸ್ಸಿಗೆ ಲಾಲಬಿ, ಮಗಳು, ಕೂಸು ಮೂವರೂ ಹೊರಡುತ್ತಾರೆ. ಶನಿವಾರ ಬೆಳಿಗ್ಗೆ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋಗು. ಬೇರೆಯವರ ರಕ್ತದಿಂದ ತೆಗೆದ ಶಕ್ತಿಯನ್ನು ತಿಂಗಳಿಗೊಮ್ಮೆ ಏರಿಸಿದರೆ ಇಂಥ ಮಗು ಬದುಕಬಹುದು ಎಂದು ಬರೆದಿದ್ದೆಯಲ್ಲ, ಅದನ್ನು ಸಿದ್ಧಮಾಡಿಡು. ಕಾಲೇಜಿನವರಿಗೆ ಕಾಯಲು ಹೇಳು. ಈ ಕೂಸು ಬದುಕಿದೆ, ಅಖ್ತರ, ನಿನ್ನೆ ನನ್ನ ಗಡ್ಡ ಹಿಡಿದು ಜಗ್ಗಿತು.