ಹದಿನೇಳನೇ ವ್ಯಕ್ತಿ

ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆ,
ಗುರುವಾರ, ಮಾರ್ಚ್ ೧೨

ಪ್ರೀತಿಯ ಅಕ್ಕ,

ಹೇಗಿದ್ದೀಯ? ಆ ಊರಿನ ಚಳಿಗೆ ಮಂಡಿನೋವು ಜಾಸ್ತಿಯಾಗಿಲ್ಲ ತಾನೆ? ಅಮ್ಮ ಆರಾಮವಾಗಿದ್ದಾಳೆ, ಕಣ್ಣಿನ ಆಪರೇಷನ್ ಆದಮೇಲೆ ಮನೆಯ ಧೂಳೆಲ್ಲ ಕಾಣತೊಡಗಿ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಈ ವಿಷಯ ಎತ್ತಿದರೆ ನನ್ನ ದನಿ ಏರುತ್ತದೆ, ನನ್ನ ದನಿ ಏರಿದರೆ ನೀವೆಲ್ಲ ಮಾತು ಕೇಳುವುದು ಬಿಟ್ಟು ನನ್ನ ಮಾತ್ರೆ ಎಣಿಸುತ್ತೀರಿ. ಅದಕ್ಕೇ ಕಾಗದ.

ಹೋದ ವಾರ ನಿನ್ನ ಲ್ಯಾಬಿನ ಅಟೆಂಡರ್ ಐದು ಕಟ್ಟು ಹಾಳೆ ತಂದು ಮೇಜಿನ ಮೇಲಿಟ್ಟ. "ನಮ್ಮ ತಮ್ಮನಷ್ಟು ಚೆನ್ನಾಗಿ ಯಾರೂ ಬೈಂಡ್ ಮಾಡಲ್ಲ ಅಂತ ನಿಮ್ಮಕ್ಕ ಯಾವಾಗ್ಲೂ ಹೇಳ್ತಿರ್ತಾರೆ. ಅವರು ವಾಪಸ್ ಬರೋಷ್ಟರಲ್ಲಿ ಮಾಡಿಡಿ, ಖುಷಿಪಡ್ತಾರೆ" ಅಂದ. ನಿನ್ನ ಪಿಎಚ್.ಡಿ. ಪ್ರಬಂಧ! ಎದೆ ಉಬ್ಬಿತು ಕಣಕ್ಕಾ. ಸಾಮಾನ್ಯವಾಗಿ ನಾನು ಪುಟದ ನಂಬರು ಮಾತ್ರ ನೋಡುವವನು, ನಿನ್ನದೆಂದು ಓದತೊಡಗಿದೆ. ಎಕ್ಸೋಸೋಮ್ ಅಂದರೇನೆಂದು ನೀನೇ ಪಾತ್ರೆ ತೊಳೆಯುತ್ತಾ ಹೇಳಿಕೊಟ್ಟಿದ್ದೆ. ಜೀವಕೋಶಗಳು ಹೊರಗೆ ಬಿಡುವ ಸೂಕ್ಷ್ಮ ಗುಳ್ಳೆಗಳು, ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಸಾಮಾನು ಅವುಗಳೊಳಗೆ. ಮೆದುಳಿನಿಂದ ಹೊರಟವು ರಕ್ತಕ್ಕೂ ಬಂದು ಸೇರುತ್ತವಂತೆ. ತಲೆ ತೆರೆಯದೆಯೇ ಸ್ಕಿಜೋಫ್ರೇನಿಯಾದ ಸುಳಿವು ತೋಳಿನ ರಕ್ತದಲ್ಲಿ ಸಿಕ್ಕರೂ ಸಿಗಬಹುದಂತೆ. ಅವತ್ತು ನನಗೆಷ್ಟು ಸಮಾಧಾನವಾಗಿತ್ತು ಗೊತ್ತಾ? ನನ್ನ ಕಾಯಿಲೆ ನನ್ನ ಕೆಟ್ಟತನವಲ್ಲ, ಕೊನೆಗೂ ಯಾರೋ ಕೊಳವೆಯಲ್ಲಿ ಹಿಡಿದು ನೋಡಬಹುದಾದ ವಸ್ತು ಅನ್ನಿಸಿತ್ತು.

ಆಮೇಲೆ ಅನುಬಂಧಕ್ಕೆ ಬಂದೆ, ರಕ್ತ ಕೊಟ್ಟ ರೋಗಿಗಳ ವಿವರಕ್ಕೆ. ಹದಿನೇಳನೇ ವ್ಯಕ್ತಿ: ಪುರುಷ, ಮೂವತ್ತಾರು ವರ್ಷ, ಕಾಯಿಲೆ ಶುರುವಾದದ್ದು ಹತ್ತೊಂಬತ್ತಕ್ಕೆ, ತಂದೆ ತೀರಿಕೊಂಡ ತಿಂಗಳು. ನೀರಿನ ಪೈಪಿನೊಳಗಿಂದ ತಂದೆಯ ದನಿ ಕೇಳುತ್ತಿತ್ತು.

ಪೈಪಿನ ವಿಷಯ ನಾನು ಡಾಕ್ಟರಿಗೂ ಹೇಳಿರಲಿಲ್ಲ. ಮಹಡಿ ಮೆಟ್ಟಿಲ ಮೇಲೆ ನಿನಗೊಬ್ಬಳಿಗೇ ಹೇಳಿದ್ದು.

ಮೂರು ತಿಂಗಳಿಗೊಮ್ಮೆ ನೀನು ಮನೆಯಲ್ಲೇ ನನ್ನ ರಕ್ತ ತೆಗೆಯುತ್ತಿದ್ದೆ, ಶುಗರ್ ನೋಡಲಿಕ್ಕೆಂದು. ಒಮ್ಮೆ ನಾನು ಕೇಳಿದ್ದೆ, "ಶುಗರ್‌ಗೆ ಇಷ್ಟೊಂದು ರಕ್ತ ಯಾಕಕ್ಕಾ? ಬೇರೆ ಎಲ್ಲಿಗಾದ್ರೂ ಕೊಡ್ತಿದ್ದೀಯಾ?" ನೀನು ನಕ್ಕೆ. ಆಮೇಲೆ ಅಮ್ಮನ ಹತ್ತಿರ ಪಿಸುಗುಟ್ಟಿದೆ, ಇವನಿಗೆ ಅನುಮಾನ ಹೆಚ್ಚಾಗಿದೆ ಎಂದು. ಡಾಕ್ಟರು ಮಾತ್ರೆ ದುಪ್ಪಟ್ಟು ಮಾಡಿದರು. ಐದು ತಿಂಗಳು ನನ್ನ ಕೈ ಸೂಜಿಗೆ ದಾರ ಪೋಣಿಸಲಿಲ್ಲ ಅಕ್ಕ. ಬಾಯಿಂದ ಜೊಲ್ಲು ಸುರಿದು ಯಾರದೋ ಲೆಡ್ಜರ್ ಹಾಳಾಯಿತು. ಅಷ್ಟೂ ದಿನ ನಾನು ನನ್ನನ್ನೇ ಬೈದುಕೊಂಡೆ: ಒಡಹುಟ್ಟಿದವಳನ್ನು ಅನುಮಾನಿಸಿದ ಪಾಪಿ ಎಂದು.

ಸೋಮವಾರ ಅಂಗಡಿಗೆ ರಜೆ ಹಾಕಿ ನಿಮ್ಮ ಲ್ಯಾಬಿಗೆ ಹೋದೆ. ಶರ್ಟ್ ಇಸ್ತ್ರಿ ಮಾಡಿಕೊಂಡು ಹೋಗಿದ್ದೆ, ಹುಚ್ಚನೆಂದು ಬಾಗಿಲಲ್ಲೇ ತಡೆದಾರೆಂದು. ನಿಮ್ಮ ದೊಡ್ಡ ಮೇಡಂ ಕುರ್ಚಿ ಕೊಟ್ಟರು, ಫೈಲು ತೆಗೆಸಿದರು. ಒಪ್ಪಿಗೆ ಪತ್ರದಲ್ಲಿ, ನನ್ನ ಸಹಿ ಇರಬೇಕಾದ ಕಡೆ, ನಿನ್ನ ದುಂಡು ಅಕ್ಷರ: "ವಿಷಯ ಗ್ರಹಿಸುವ ಶಕ್ತಿ ಇಲ್ಲ. ಪರವಾಗಿ, ಅಕ್ಕ." ಮೇಡಂ ನನ್ನ ಮುಖ ನೋಡಿದರು, ಪತ್ರ ನೋಡಿದರು. "ನಿಮಗೆ ಇದು ಗೊತ್ತೇ ಇರ್ಲಿಲ್ವಾ?" ಅಂದರು. ಅವರ ಮುಖ ಬಿಳಿಚಿಕೊಂಡಿತ್ತು.

ಕೇಳಿದ್ದರೆ ಎರಡೂ ತೋಳು ಚಾಚುತ್ತಿದ್ದೆ. ಅದೇ ನುಂಗಲಾಗುತ್ತಿಲ್ಲ. ಗುಳ್ಳೆಗಳಿಗೂ ಕಾಯಿಲೆಗೂ ಇರುವ ನಂಟು ಇನ್ನೂ ಖಚಿತವಿಲ್ಲ ಎಂದು ಕೊನೆಯ ಅಧ್ಯಾಯದಲ್ಲಿ ಎಷ್ಟು ಪ್ರಾಮಾಣಿಕವಾಗಿ ಬರೆದಿದ್ದೀಯ! ಆ ಪ್ರಾಮಾಣಿಕತೆಯಲ್ಲಿ ಒಂದು ಚೂರು ನನಗೂ ಉಳಿಸಬಾರದಿತ್ತಾ?

ಅಮ್ಮನಿಗೆ ಏನೂ ಹೇಳಿಲ್ಲ, ನೀನೂ ಹೇಳಬೇಡ. ಭಾವನಿಗೆ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ತಮ್ಮ

ಮರೆತೆ: ನನ್ನ ರಕ್ತ ಇನ್ನು ಬಳಸಕೂಡದೆಂದು ಲ್ಯಾಬಿಗೆ ಬರೆದುಕೊಟ್ಟೆ, ನನ್ನದೇ ಸಹಿ ಹಾಕಿ. ನನ್ನ ರಕ್ತದ ಉಳಿದ ಕೊಳವೆಗಳನ್ನೆಲ್ಲ ನಾಶ ಮಾಡುತ್ತಾರಂತೆ, ನನ್ನ ಪುಟ ತೆಗೆದು ನೀನು ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕಂತೆ, ನಿನ್ನ ಮೇಲೆ ವಿಚಾರಣೆಯೂ ಇದೆಯಂತೆ. ಮೇಡಂ ಮುಂದಿನ ವಾರ ನಿನಗೆ ಬರೆಯುತ್ತಾರೆ. ಬೇರೆಯವರ ಕಾಗದದಲ್ಲಿ ನೋಡಿ ನೀನು ಗಾಬರಿಯಾಗುವುದು ಬೇಡ, ಮೊದಲು ನನ್ನಿಂದಲೇ ತಿಳಿಯಲಿ ಎಂದು ಇಷ್ಟೆಲ್ಲ ಬರೆದೆ.