ಹಿಡಿಸಲಿಲ್ಲ

4, ಸೋಮವಾರ. ಬೆಳಗಿನ ಜಾವ 3.10

ಟೀಂ... ಟೀಂ... ನಡುಮನೆಯಲ್ಲಿ ಚಾರ್ಜರ್ ಕೂಗಿ ಎಚ್ಚರವಾಯಿತು. ಹೊಸ ಎಲೆಕ್ಟ್ರಿಕ್ ಬೈಕಿನ ಬ್ಯಾಟರಿ ತುಂಬಿತಂತೆ. ಇವರು ಷೋರೂಮಿನಲ್ಲಿ ಮೆಕ್ಯಾನಿಕ್. ಓಡಿಸಿ ನೋಡಲೆಂದು ಮನೆಗೇ ತಂದಿದ್ದಾರೆ. ಮಗಳೂ ಎದ್ದಳು. ಮನೆಯಲ್ಲೀಗ ಎರಡು ಕೂಸು — ಒಂದು ಹಸಿದರೆ ಕೂಗುತ್ತದೆ, ಇನ್ನೊಂದು ಹೊಟ್ಟೆ ತುಂಬಿದರೆ.

"ಅದನ್ನ ಆರಿಸ್ರೀ."

"ತೇಗ್ತಾ ಇದೆ ಕಣೇ, ಬಿಡು." ಮಗ್ಗುಲು ಬದಲಿಸಿ ಗೊರಕೆ. ನನಗೆ ಮತ್ತೆ ನಿದ್ದೆಯಿಲ್ಲ.

5, ಮಧ್ಯಾಹ್ನ

ಬೈಕ್ ಓಡಿಸಿ ನೋಡಿದವರ ಫಾರಂ, ನಲವತ್ತು. ಟೈಪ್ ಮಾಡುವ ಕೆಲಸ ನನಗೆ ಕೊಡಿಸಿದ್ದಾರೆ. ಮಗು ತೊಡೆಯ ಮೇಲೆ, ಟೈಪಿಂಗ್ ಒಂದೇ ಕೈಯಲ್ಲಿ. ಹಾಲಿನವರಿಗೆ ಬಲು ಖುಷಿ: "ಸದ್ದಿಲ್ಲ, ಬೀದಿ ನಾಯಿಗಳು ಅಟ್ಟಿಸ್ಕೊಂಡು ಬರೋದೇ ಬಿಟ್ಟಿವೆ." ಮೇಷ್ಟ್ರೊಬ್ಬರು: "ಗೇರಿಲ್ಲ. ಎಡಗಾಲು ನಿರುದ್ಯೋಗಿ." ಕಾಲೇಜು ಹುಡುಗಿಗೆ ಬೈಕ್ ಸೂಪರ್, ಆದರೆ ಯಾರೂ ತಿರುಗಿ ನೋಡುವುದಿಲ್ಲವಂತೆ.

ಕೊರಿಯರಿನವನೊಬ್ಬನ ಅಕ್ಷರ ಕೋಳಿ ಕೆದಕಿದ ಹಾಗಿದೆ. "ಫುಲ್ ಚಾರ್ಜ್. ಇಳಿಜಾರು. ಹಿಡಿಸಲಿಲ್ಲ." ಹಿಡಿಸದವರ ಪಟ್ಟಿಗೆ ಹಾಕಿದೆ. ಹನ್ನೊಂದನೆಯವನು.

6, ರಾತ್ರಿ 9

ಇವರ ಹಿಂದೆ ಕೂತು ಒಂದು ಸುತ್ತು. ಮೈಮರೆತು ಮಾತಾಡುತ್ತಿದ್ದರು. "ಬ್ರೇಕ್ ಮುಟ್ಟೋದೇ ಬೇಡ ಕಣೇ. ಆಕ್ಸಿಲರೇಟರ್ ಬಿಟ್ರೆ ಸಾಕು, ಯಾರೋ ಸೆರಗು ಹಿಡಿದು ಎಳೆದಂಗೆ ತಾನೇ ನಿಧಾನ ಆಗುತ್ತೆ."

"ನಿಮಗೆಲ್ಲಿಂದ ಬಂತು ಸೆರಗು?"

ನಕ್ಕರು. ನಾನೂ ನಕ್ಕೆ, ಎಷ್ಟೋ ದಿನಕ್ಕೆ.

9, ಶನಿವಾರ. ಸಂಜೆ

ಲಾರಿಯಲ್ಲಿ ಆರು ಬೈಕ್ ಏರಿಸಿಕೊಂಡು ಬೆಟ್ಟದ ಮೇಲಿನ ಲಾಡ್ಜಿಗೆ ಹೋದರು. ನಾಳೆ ಬೆಳಿಗ್ಗೆ ಆರಕ್ಕೆ ಗಿರಾಕಿಗಳ ಜೊತೆ ಇಳಿಯುವುದು. ಇವರೇ ಮುಂದೆ. "ರಾತ್ರಿಯೆಲ್ಲಾ ಚಾರ್ಜಿಗೆ ಹಾಕ್ತೀವಿ, ಬೆಳಿಗ್ಗೆ ಎಲ್ಲಾ ಫುಲ್."

10, ಬೆಳಗಿನ ಜಾವ 4.20

ಮಗುವಿಗೆ ಹಾಲು ಕುಡಿಸಲು ಎದ್ದೆ. ಬಾಟಲಿ ಕೆಳಗೆ ಆ ಕೊರಿಯರಿನವನ ಫಾರಂ. ದೀಪಕ್ಕೆ ಹಿಡಿದೆ. ಅದು ಸ ಅಲ್ಲ. ಯ. ಹಿಡಿಸಲಿಲ್ಲ ಅಲ್ಲ — ಹಿಡಿಯಲಿಲ್ಲ.

ಫಾರಂನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಮೊದಲು ಬೈದ. ಆಮೇಲೆ: "ಆಕ್ಸಿಲರೇಟರ್ ಬಿಟ್ಟಾಗ ಎಳೆಯುತ್ತಲ್ಲ, ಅದ್ರಿಂದ ಬ್ಯಾಟರಿಗೆ ಚಾರ್ಜ್ ಹೋಗುತ್ತೆ; ಬ್ಯಾಟರಿ ತುಂಬಿದ್ರೆ ಆ ಎಳೆತ ಇರಲ್ಲ ಅಕ್ಕಾ. ಊರೊಳಗೆ ಗೊತ್ತಾಗಲ್ಲ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟೆ, ಗಾಡಿ ಓಡ್ತಾನೇ ಇತ್ತು. ಬ್ರೇಕ್ ನೆನಪಾಗೋ ಹೊತ್ತಿಗೆ ತಿರುವು ಬಂದಿತ್ತು. ಮೊಣಕಾಲು ಮುರೀತು."

ಇವರ ಫೋನ್ ಸ್ವಿಚ್ ಆಫ್. ಲಾಡ್ಜಿನದು ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಷೋರೂಮಿನ ಸಾಹುಕಾರರೂ ಎತ್ತುತ್ತಿಲ್ಲ. ಮೆಸೇಜ್ ಹಾಕಿದೆ. ಒಂದೇ ಟಿಕ್.

5.25

ಇನ್ನೂ ಒಂದೇ ಟಿಕ್. ಮಗು ನಿದ್ದೆ ಹೋಗಿದೆ. ಕೈ ಸುಮ್ಮನಿರುವುದಿಲ್ಲ, ಬರೆಯುತ್ತಿದ್ದೇನೆ.

ರೀ, ಟೈಪ್ ಮಾಡಿದ್ದು ನಾನು, ತಪ್ಪು ನನ್ನದು. ಬೇಕಾದರೆ ಬೈಯಿರಿ. ಫೋನ್ ಆನ್ ಮಾಡಿ ಮೊದಲು. ಬೆಳಗಾಗುವುದರೊಳಗೆ ಒಂದು ಫೋನ್ ಮಾಡ್ರೀ. ಮಾತಾಡುವುದೂ ಬೇಡ, ಬರೀ ಒಂದು ಮಿಸ್ಡ್ ಕಾಲ್ ಕೊಡಿ, ನಾನೇ ತಿರುಗಿ —