ತಟ್ಟೆಯಲ್ಲಿ ಬಡಿಸಿದ ಮುಳ್ಳು

೧೫೬೮, ಮೇ ೧೦, ಸೋಮವಾರ

ಉಗ್ರಾಣದಲ್ಲಿ ಮಾಂಸ ಮುಗಿದರೆ ನಮ್ಮ ಗಡಿಸೀಮೆಯ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಸವಾರರು ಕುದುರೆ ತಿವಿಯಲು ಹಿಮ್ಮಡಿಗೆ ಕಟ್ಟುವ ಉಕ್ಕಿನ ಮುಳ್ಳನ್ನು ತಟ್ಟೆಯಲ್ಲಿಟ್ಟು ಗಂಡನ ಮುಂದಿಡುತ್ತೇವೆ. ಹೋಗಿ ಯಾರದಾದರೂ ದನ ಹೊಡೆದುಕೊಂಡು ಬನ್ನಿ ಎಂದರ್ಥ.

ಮಧ್ಯಾಹ್ನ ನಾನೂ ಇಟ್ಟೆ. ನನ್ನ ಗಂಡ ನಿನಿಯನ್ ನಗಲಿಲ್ಲ.

“ಹೋಗು ಅಂತ ನೀನೂ ಹೇಳ್ತೀಯಾ, ಇಸೋಬೆಲ್?”

“ಮತ್ತೇನ್ರೀ, ನಾಳೆಗೆ ಮೂಳೇನೂ ಇಲ್ಲ.”

“ಸೆರೆಯಿಂದ ತಪ್ಪಿಸ್ಕೊಂಡು ಬಂದಿರೋ ರಾಣಿಗೆ ಕಾದಾಡೋ ಜನ ಸಾಲದು ಕಣೇ. ನಿನ್ನ ಒಪ್ಪಿಗೆಗೇ ಕಾಯ್ತಿದ್ದೆ.”

“ಅಯ್ಯೋ, ನಾನು ಹೇಳಿದ್ದು ದನಕ್ಕೆ!”

“ಬಡಿಸಿದ್ದನ್ನ ವಾಪಸ್ ತಗೊಳ್ಳೋ ಪದ್ಧತಿ ನಮ್ಮನೇಲಿಲ್ಲ,” ಎಂದು ಮುಳ್ಳು ಕಟ್ಟಿಕೊಂಡೇ ಎದ್ದರು. ನಮ್ಮ ಸವಾರರೆಲ್ಲ ಹಿಂದೆಯೇ ಹೊರಟರು.

ರಾಣಿಯ ಕಡೆ ನಿಂತರೆ ತಲೆ ಹೋದೀತು, ನಿಲ್ಲದಿದ್ದರೆ ಬೆಲೆ ಹೋದೀತು. ಪ್ರಾಸವೇನೋ ಚೆನ್ನಾಗಿಯೇ ಕೂತಿದೆ. ನನಗೇ ಕೂತಲ್ಲಿ ಕೂರಲಾಗುತ್ತಿಲ್ಲ.

ಸಂಜೆ ಎದುರು ಬೆಟ್ಟದ ಮೇಲೆ ಬೆಂಕಿ ಎದ್ದಿತು. ನಮ್ಮವರು ಹೊತ್ತಿಸಿದ್ದಲ್ಲ. ದಾರಿಯಲ್ಲಿ ಕಾದಿರುವ ರಾಣಿಯ ವೈರಿಗಳಿಗೆ ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ.

“ತಟ್ಟೆ ತೊಳೀಲಾ ಅಮ್ಮಾ?” ಎಂದಳು ಅಡುಗೆಯ ಜೋನೆಟ್. ಬೇಡ ಎಂದೆ. ತೊಳೆದರೆ ಊಟ ಮುಗಿದ ಹಾಗೆ. ಅವರು ಇನ್ನೂ ಉಂಡೇ ಇಲ್ಲ.